ಚೀಟಿ ಆಪಾ ಕುಳಿತಿದ್ದ ಕುರ್ಚಿ

ಆಪಾ ಅವರ ಬಲಗೈ ನಡುಗುತ್ತಿತ್ತು. ಮೌಸಿನ ಮೇಲೆ ಐದೂ ಬೆರಳು ಊರಿ, ಅದೆಲ್ಲಿ ಓಡಿಹೋಗುತ್ತದೋ ಎಂಬಂತೆ ಒತ್ತಿ ಹಿಡಿದಿದ್ದರು. ನಡುಬೆರಳಿನ ಪಕ್ಕದಲ್ಲಿ ಪೆನ್ನು ಒತ್ತಿ ಒತ್ತಿ ಕಡಲೆಕಾಳಿನಷ್ಟು ದಪ್ಪಗಾದ ಗಂಟು. ಅದರ ಸುತ್ತ ಎಷ್ಟು ತೊಳೆದರೂ ಹೋಗದ ನೀಲಿ ಮಸಿ. ಕೈ ನಡುಗಿದ ಹಾಗೆಲ್ಲ ಪರದೆಯ ಮೇಲಿನ ಬಾಣ, ಬೆಲ್ಲ ಕಂಡ ನೊಣದಂತೆ, ಅತ್ತ ಹಾರಿ ಇತ್ತ ಕೂರುತ್ತಿತ್ತು.

ಗಜೇಂದ್ರಗಡದ ಆ ಖಾಸಗಿ ದವಾಖಾನೆಯ ಚೀಟಿ ಕೋಣೆಯಲ್ಲಿ ಆವತ್ತು ಬೆಳಗ್ಗೆ ನಾವು ನಾಲ್ಕು ಜನ ಇದ್ದೆವು. ಕುರ್ಚಿಯಲ್ಲಿ ಆಪಾ, ಅವರ ಹೆಗಲ ಹಿಂದೆ ಆ ಯಂತ್ರಕ್ಕೆ ಪ್ರೋಗ್ರಾಂ ಬರೆದ ನಾನು, ಬಾಗಿಲಿಗೆ ಒರಗಿ ಡಾಕ್ಟರು, ಔಷಧದ ಕಪಾಟಿನ ಹತ್ತಿರ ಕಂಪೌಂಡರ್ ಕಾಕಾ. ಕಿಟಕಿಯ ಆಚೆ ಜಕ್ಕಲಿಯಿಂದ ಬಂದ ಒಬ್ಬ ಹೆಣ್ಣುಮಗಳು ಸರಳಿಗೆ ಮುಖ ಹಚ್ಚಿ ನಿಂತಿದ್ದಳು. ಅವಳ ಹಿಂದೆ ಗೋಡೆಗುಂಟ ಮೂವತ್ತು ನಾಲ್ವತ್ತು ಜನ.

ಪರದೆಯ ನಟ್ಟನಡುವೆ ಒಂದು ಬೂದು ಬಣ್ಣದ ಪೆಟ್ಟಿಗೆ ಎದ್ದು ನಿಂತಿತ್ತು. ಅದರಲ್ಲಿದ್ದದ್ದು ಇಂಗ್ಲಿಷು. ಆಪಾ ಅವರಿಗೆ ಇಂಗ್ಲಿಷು ಬಾರದು.

"ಏನಂತೈತಿ ತಂಗಿ ಇದು?"

"ಗಂಡನ ಹೆಸರು ಬರೀರಿ ಅಂತೈತ್ರಿ ಆಪಾ."

ಕಿಟಕಿಯ ಆಚೆಯ ಹೆಣ್ಣುಮಗಳು ಕೇಳಿಸಿಕೊಂಡು ಸೆರಗು ಬಾಯಿಗೆ ಹಿಡಿದಳು. "ಯವ್ವಾ, ಅದನ್ಯಾಕ ಕೇಳ್ತೈತ್ರಿ? ಜ್ವರ ಬಂದಿದ್ದು ನನಗ, ಅವರಿಗಲ್ಲ."

ಸಾಲಿನಲ್ಲಿ ನಗು ಎದ್ದಿತು. "ವಯಸ್ಸರೆ ಹೇಳವಾ," ಎಂದೆ ನಾನು. "ನನಗೇನ್ ಗೊತ್ತ್ರಿ? ಮಾರಿ ನೋಡಿ ನೀವ ಬರಕೋರಿ," ಎಂದಳು.

ಆಪಾ ಪೆಟ್ಟಿಗೆಯನ್ನು ಮುಚ್ಚಿದರು. ಇನ್ನೊಂದು ಎದ್ದಿತು: ವಯಸ್ಸು ಬರೆಯಿರಿ. ಅದನ್ನೂ ಮುಚ್ಚಿದರು. ಗಂಡನ ಹೆಸರು ಬರೆಯಿರಿ. ಮುಚ್ಚಿದರು. ವಯಸ್ಸು ಬರೆಯಿರಿ. ಹೀಗೆ ಎಷ್ಟು ಸಲವೋ. ಕೊನೆಗೆ ನಾನು ಮೇಜಿನ ಕೆಳಗೆ ಬಗ್ಗಿ ಸ್ವಿಚ್ಚನ್ನೇ ಆರಿಸಿದೆ. ಡಾಕ್ಟರು ಗಡಿಯಾರ ನೋಡಿಕೊಂಡರು.

"ಆಪಾ, ಇವತ್ತಿಂದು ಪೆನ್ನಿಲೇ ಬರದು ಮುಗಸ್ರಿ," ಎಂದರು. ಹೋಗುವಾಗ ತಿರುಗಿ, "ಇನ್ನ ಹದಿನೈದ ದಿನ ಐತಿ ನೋಡ್ರಿ," ಎಂದರು.

ಆ ಹದಿನೈದು ದಿನದ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಕಂಪ್ಯೂಟರ್ ತಂದ ದಿನವೇ ಡಾಕ್ಟರು ನನ್ನ ಎದುರಿಗೇ ಹೇಳಿದ್ದರು: ತಿಂಗಳು ಮುಗಿಯುವುದರೊಳಗೆ ಆಪಾ ಇದನ್ನು ನಡೆಸುವುದನ್ನು ಕಲಿತರೆ ಕುರ್ಚಿ ಅವರದೇ; ಇಲ್ಲದಿದ್ದರೆ ಕಲಿತವರನ್ನು ಕೂಡಿಸಬೇಕಾಗುತ್ತದೆ. ಕೆಟ್ಟ ಮನುಷ್ಯರಲ್ಲ ಅವರು. ಅವರ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಗಿತ್ತು.

ಆಪಾ ಆ ಕುರ್ಚಿಯಲ್ಲಿ ಕುಳಿತು ಇಪ್ಪತ್ತು ವರ್ಷ ದಾಟಿತ್ತು. ಈಗಿನ ಡಾಕ್ಟರ ಅಪ್ಪನವರ ಕಾಲದಿಂದ ಅವರೇ ಚೀಟಿ ಬರೆಯುವವರು. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಹಿಂದೂಗಳಿಗೂ ಮುಸಲ್ಮಾನರಿಗೂ ಅವರು ಚೀಟಿ ಆಪಾ, ಚೀಟಿ ಬರೆಯುವ ಅಕ್ಕ. ಬಿಳಿ ದುಪಟ್ಟಾದ ಅಂಚನ್ನು ಎಡಗಿವಿಯ ಹಿಂದೆ ಸಿಕ್ಕಿಸಿ ಕೂರುತ್ತಿದ್ದರು, ಆ ಕಡೆಯಿಂದ ಮಾತು ಚಲೋ ಕೇಳಿಸಲಿ ಎಂದು. ಮೇಜಿನ ಡ್ರಾದಲ್ಲಿ ಬಡೇಸೋಪಿನ ಡಬ್ಬಿ. ಅಳುವ ಕೂಸಿನ ಕೈಯಲ್ಲಿ ನಾಲ್ಕು ಕಾಳು ಹಾಕಿ, "ಎಣಸ ನೋಡೂನು," ಎನ್ನುವರು. ಕೂಸು ಎಣಿಸಲಾಗದೆ ಅಳು ಮರೆಯುತ್ತಿತ್ತು. ದಾಷ್ಟೀಕದ ಗಂಡಸರು ಬಂದು, "ಲಗೂ ಬರೀರಿ, ನನಗ ಕೆಲಸೈತಿ," ಎಂದರೆ, "ಹೌದ್ರಿ, ಉಳದವರೆಲ್ಲ ಇಲ್ಲಿ ಲಗ್ನಕ್ಕ ಬಂದಾರ," ಎನ್ನುವರು. ತಲೆ ಮೇಲೆತ್ತುತ್ತಿರಲಿಲ್ಲ.

ಕೈ ನಡುಗಲು ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತಂತೆ. ಸೋಜಿಗವೆಂದರೆ ಪೆನ್ನಿನ ತುದಿ ಕಾಗದಕ್ಕೆ ತಾಗಿದ ಕೂಡಲೆ ನಡುಕ ನಿಲ್ಲುತ್ತಿತ್ತು. ಅಕ್ಷರ ದುಂಡಗೆ, ಒಂದಕ್ಕೊಂದು ಆತುಕೊಳ್ಳದೆ ನಿಲ್ಲುತ್ತಿದ್ದವು. ಪೆನ್ನು ಎತ್ತಿದರೆ ಮತ್ತೆ ಶುರು.

ಅವರು ಹೆಣ್ಣುಮಕ್ಕಳಿಗೆ ಗಂಡನ ಹೆಸರು ಕೇಳುತ್ತಲೇ ಇರಲಿಲ್ಲ. ನಮ್ಮ ಕಡೆ ಗಂಡನ ಹೆಸರನ್ನು ಬಾಯಿ ತುಂಬ ಹೇಳುವ ಹೆಂಗಸರು ಆಗಿನ್ನೂ ಕಡಿಮೆ. ನಮ್ಮಜ್ಜಿ ಅಜ್ಜನ ಹೆಸರು ಹೇಳದೆಯೇ ಅರವತ್ತು ವರ್ಷ ಸಂಸಾರ ಮಾಡಿದವಳು. ಅವನ ಹೆಸರಿನ ದೇವರನ್ನು ಕೂಡ "ಆ ಗುಡ್ಡದಾಂವ" ಎನ್ನುತ್ತಿದ್ದಳು. ಆಪಾ ಕೇಳುವ ರೀತಿಯೇ ಬೇರೆ. "ಯಾವ ಓಣಿ? ಬಾಜೂಕ ಯಾರ ಮನಿ? ಬಾಗಲಕ್ಕ ಬೇವಿನ ಗಿಡ ಐತೇನು?" ಎಂದು ಕೇಳಿ ಅದನ್ನೇ ಬರೆಯುವರು. ವಯಸ್ಸು ಕೇಳಬೇಕಾದರೆ, "ಊರಿಗೆ ಮೊದಲ ಸಲ ಕಾಲವಿ ನೀರು ಬಂದಾಗ ನಿನಗ ಹಾಲಹಲ್ಲು ಬಿದ್ದಿದ್ವೇನು?" ಎನ್ನುವರು. ಅಷ್ಟರಲ್ಲಿ ಎರಡು ಮೂರು ವರ್ಷದ ಅಂತರದಲ್ಲಿ ವಯಸ್ಸು ಸಿಕ್ಕುಬಿಡುತ್ತಿತ್ತು.

ಇದೆಲ್ಲ ನನಗೆ ಗೊತ್ತಿರಲಿಲ್ಲವೆಂದಲ್ಲ. ಉಬ್ಬಸದ ಅವ್ವನನ್ನು ಕರೆದುಕೊಂಡು ಚಿಕ್ಕವಳಿದ್ದಾಗಿನಿಂದ ಆ ಕಿಟಕಿಗೆ ಹೋದವಳು ನಾನು. ಅವ್ವ ಉಸಿರು ಸಾಲದೆ ಮಾತಾಡಲಾರದೆ ನಿಂತರೆ ಆಪಾ ಏನೂ ಕೇಳದೆ ಚೀಟಿ ಬರೆದು ಕೈಗಿಡುತ್ತಿದ್ದರು. ಆದರೂ ಗದುಗಿನಲ್ಲಿ ಕಂಪ್ಯೂಟರ್ ಕಲಿತು ಬಂದು, ಬಸ್ ಸ್ಟ್ಯಾಂಡಿನ ಹಿಂದೆ ಎರಡು ಯಂತ್ರ ಇಟ್ಟು ಕಲಿಸುವ ಕೇಂದ್ರ ತೆರೆದು, ಮೊದಲ ಸಲ ಒಂದು ಪ್ರೋಗ್ರಾಂ ಬರೆಯಲು ಕುಳಿತಾಗ, ಪುಸ್ತಕದಲ್ಲಿದ್ದ ನಮೂನೆಯನ್ನೇ ನೋಡಿ ಬರೆದೆ. ಹೆಸರು, ವಯಸ್ಸು, ತಂದೆ ಅಥವಾ ಗಂಡನ ಹೆಸರು. ಮೂರೂ ಕಡ್ಡಾಯ. ತುಂಬದೆ ಮುಂದೆ ಹೋಗುವಂತಿಲ್ಲ. ವಯಸ್ಸು ತಿಳಿಯದ, ಗಂಡನ ಹೆಸರು ಹೇಳದ ಹೆಣ್ಣುಮಕ್ಕಳ ಊರಿನಲ್ಲಿ ಹುಟ್ಟಿ ಬೆಳೆದ ನಾನು ಮಾಡಿದ ಕೆಲಸ ಇದು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಆಗ ನಮ್ಮ ಕಡೆ ಇಂಥ ಕೆಲಸವನ್ನೆಲ್ಲ ವಿಬಿ ಎಂಬ ಕಂಪ್ಯೂಟರ್ ಭಾಷೆಯಲ್ಲೇ ಬರೆಯುತ್ತಿದ್ದೆವು. ಪರದೆಯ ಮೇಲೆ ಖಾನೆಗಳನ್ನು ಎಳೆದು ಇಡುವುದು, ಒಂದೊಂದು ಖಾನೆಗೂ ಏನಾದರೆ ಏನು ಮಾಡಬೇಕೆಂದು ಬರೆಯುವುದು. ನಾನು ವಯಸ್ಸಿನ ಖಾನೆಗೆ, "ನಿನ್ನನ್ನು ಖಾಲಿ ಬಿಟ್ಟು ಯಾರಾದರೂ ಹೊರಟರೆ ಕೂಗಿ ಹಿಂದಕ್ಕೆ ಕರೆ," ಎಂದು ಬರೆದಿದ್ದೆ. ಗಂಡನ ಹೆಸರಿನ ಖಾನೆಗೂ ಅದೇ ಮಾತು. ಎರಡೂ ಖಾಲಿ ಇದ್ದಾಗ ವಯಸ್ಸಿನ ಖಾನೆ ಹಿಂದಕ್ಕೆ ಎಳೆಯುತ್ತಿತ್ತು. ಎಳೆದ ತಕ್ಷಣ, ತನ್ನನ್ನು ಬಿಟ್ಟು ಹೊರಟರೆಂದು ಗಂಡನ ಖಾನೆ ಕೂಗುತ್ತಿತ್ತು. ಅದು ಎಳೆದರೆ ಇದು, ಇದು ಎಳೆದರೆ ಅದು. ಕೊನೆಯೇ ಇಲ್ಲ.

ಆದರೆ ಇದು ಈಗ ತಿಳಿದು ಹೇಳುವ ಮಾತು. ಆಗ ನನಗೆ ಕಂಡದ್ದು ಪೆಟ್ಟಿಗೆಗಳ ಹಿಂದೆ ಪೆಟ್ಟಿಗೆ ಮಾತ್ರ. ಇಡೀ ಎಂಟು ದಿನ ಅದರ ಮುಂದೆ ಕುಳಿತೆ. ಒಂದು ಕಡೆ ತಡೆ ಹಾಕಿದರೆ ಇನ್ನೊಂದು ಕಡೆ ಒಡೆಯುತ್ತಿತ್ತು. ಎರಡು ಪೆಟ್ಟಿಗೆ ಹೋಗಲಾಡಿಸಿದೆನೆಂದು ಹಿಗ್ಗಿದರೆ, ಮಿಂಚುವ ಗೆರೆಯೇ ಮಾಯವಾಗಿ ಯಾವ ಖಾನೆಯಲ್ಲೂ ಅಕ್ಷರ ಮೂಡುತ್ತಿರಲಿಲ್ಲ. ನಮ್ಮಲ್ಲಿ ಮಧ್ಯಾಹ್ನ ಕರೆಂಟು ಹೋಗುವ ಕಾಲ. ಬರೆದದ್ದು ಎರಡು ಸಲ ಹಾಗೆಯೇ ಅಳಿಸಿಹೋಯಿತು. ಗದುಗಿನ ನನ್ನ ಮೇಷ್ಟರಿಗೆ ಫೋನು ಹಚ್ಚಿದೆ. "ಪುಸ್ತಕದಾಗ ಇದ್ದಂಗ ಮಾಡೀಯಲ್ಲ? ಹಂಗಾದ್ರ ಸರಿ ಇರಬೇಕು," ಎಂದರು. ಇಂಟರ್ನೆಟ್ಟಿನ ಅಂಗಡಿಯಲ್ಲಿ ಕುಳಿತು ಯಾರ್ಯಾರೋ ಪರದೇಶದವರಿಗೆ ಪ್ರಶ್ನೆ ಬರೆದು ಹಾಕಿದೆ. ಉತ್ತರ ಬರಲಿಲ್ಲ.

ಗೋಳು ಅದೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ದವಾಖಾನೆಯ ಪರದೆ ನನ್ನ ಕೇಂದ್ರದ ಪರದೆಗಿಂತ ಸಣ್ಣದು. ನಾನು ಕೆಳಗೆ ಇಟ್ಟಿದ್ದ 'ಉಳಿಸು' ಬಟನ್ನು ಅಲ್ಲಿ ಅಂಚಿನಿಂದ ಹೊರಗೆ ಬಿದ್ದು ಕಾಣುತ್ತಲೇ ಇರಲಿಲ್ಲ. ಆಪಾ ಅವರ ಬೆರಳು ಕೀ ಮೇಲೆ ಒಂದಿಷ್ಟು ಹೆಚ್ಚು ಹೊತ್ತು ನಿಂತರೆ ಒಂದು 'ಬ' ಬದಲು ಹತ್ತು 'ಬ' ಬೀಳುತ್ತಿದ್ದವು. ಕೊನೆಯ ಕೀ ಎರಡು ಸಲ ತಾಗಿ ಒಬ್ಬಳೇ ರೋಗಿ ಇಬ್ಬರಾಗುತ್ತಿದ್ದಳು. ಸಂಜೆ ಮನೆಗೆ ಹೋಗುವಾಗ ಅಪ್ಪನ ಮಗ್ಗದ ಸಪ್ಪಳ ಕೇಳುತ್ತ ಹೊಸ್ತಿಲಲ್ಲೇ ನಿಲ್ಲುತ್ತಿದ್ದೆ. ಅಪ್ಪ ಎಳೆ ತಪ್ಪಿದರೆ ಕಣ್ಣಿಗೆ ಕಾಣುತ್ತದೆ, ಬಿಚ್ಚಿ ಮತ್ತೆ ಹಾಕುತ್ತಾನೆ. ನನ್ನದರಲ್ಲಿ ಎಳೆ ಎಲ್ಲಿ ತಪ್ಪಿದೆ ಎಂಬುದೇ ಕಾಣದು. ಮತ್ತೆ ಅದು ನನ್ನ ಬಟ್ಟೆಯೂ ಅಲ್ಲ. ಆಪಾ ಅವರ ಅನ್ನ.

ಒಂದು ಶುಕ್ರವಾರ, ನಮಾಜಿನ ಹೊತ್ತಿಗೆ ದವಾಖಾನೆ ಖಾಲಿಯಾದಾಗ, ಆಪಾ ಕೇಂದ್ರಕ್ಕೇ ಬಂದರು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವರು ಕುಳಿತ ಕೂಡಲೆ, "ಯಾಕ ತಂಗಿ, ಮಾರಿ ಹಿಂಗ್ಯಾಕ ಆಗೈತಿ? ಉಂಡೀ ಇಲ್ಲೋ?" ಎಂದರು.

"ಆಪಾ, ನನ್ನ ಕೈಲೆ ಆಗೂದಿಲ್ಲ ಕಾಣಸ್ತೈತ್ರಿ. ಡಾಕ್ಟರಿಗೆ ಹೇಳಿಬಿಡ್ತೀನಿ."

"ಹೇಳು. ಅವರು ಬ್ಯಾರೆ ಊರಿಂದ ಒಬ್ಬನ್ನ ತರಸ್ತಾರ. ಅಂವ ಬ್ಯಾರೆ ಹುಡುಗೀನ ತರಸ್ತಾನ. ನಾ ಎಲ್ಲಿ ಹೋಗ್ಲಿ?" ಎಂದು ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ. "ಕುಂದ್ರು, ತೋರ್ಸು. ಎಲ್ಲಿ ಸಿಕ್ಕೊಂಡೈತಿ ನೋಡೂನು."

ಏನು ತೋರಿಸುವುದೋ ತಿಳಿಯದೆ, "ನಿಮ್ಮ ಹೆಸರ ಹಾಕಿ ನೋಡ್ರಿ," ಎಂದೆ. ಕೀಗಳ ಮೇಲೆ ನಾನು ಕನ್ನಡ ಅಕ್ಷರ ಬರೆದು ಅಂಟಿಸಿದ್ದೆ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಒಂದೊಂದೇ ಅಕ್ಷರ ಒತ್ತಿ ಹೆಸರು ಬರೆದರು. ವಯಸ್ಸು ಬಿಟ್ಟರು. ಗಂಡನ ಹೆಸರಿನ ಖಾನೆಗೆ ಬಂದು ಕೈ ನಿಂತಿತು. ಪೆಟ್ಟಿಗೆ ಎದ್ದಿತು. ಮುಚ್ಚಿದರು. ಇನ್ನೊಂದು. ಮುಚ್ಚಿದರು. ಮತ್ತೊಂದು.

"ಎಷ್ಟ ಸಲ ಕೇಳ್ತೈತಿ ಇದು?"

"ಹೇಳೂ ತನಕ ಕೇಳ್ತೈತ್ರಿ."

ಆಪಾ ಅವರ ಗಂಡ ಕಲ್ಲಿನ ಕೆಲಸಕ್ಕೆಂದು ಗೋವೆಗೆ ಹೋದವನು ತಿರುಗಿ ಬರಲೇ ಇಲ್ಲವೆಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಇದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ನನಗೆ ಅದು ಆ ಕ್ಷಣಕ್ಕೆ ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

"ಇಪ್ಪತ್ತೆರಡ ವರ್ಷ ಆತು ಬೇಟಿ," ಎಂದರು ಮೆಲ್ಲಗೆ. "ಊರ ಮಂದಿ ಸೈತ ಕೇಳೂದು ಬಿಟ್ಟಾರ."

ನಾನು ಯಂತ್ರ ಆರಿಸಲು ಹೋದೆ. ಅವರು ನನ್ನ ಕೈ ತಡೆದರು. "ತಡಿ. ನನಗ ಒಂದ ಹೇಳು. ಈ ಖೋಲಿಗೊಬ್ಬ ಆ ಖೋಲಿಗೊಬ್ಬ ಕಾವಲುಗಾರರನ್ನ ಯಾಕ ನಿಂದ್ರಿಸೀ? ಇಂವ 'ಹೋಗಬ್ಯಾಡ' ಅಂತಾನ, ಅಂವ 'ನನ್ನ ಬಿಟ್ಟ ಹ್ಯಾಂಗ ಹೋದಿ' ಅಂತಾನ. ನಡಕ ಸಿಕ್ಕ ರೋಗಿ ಸಾಯ್ತಾಳ."

ನಾನು ಎಂಟು ದಿನ ಹುಡುಕಿದ್ದು ಅದೇ ಆಗಿತ್ತು.

"ಮತ್ತ ತುಂಬದನ ಹೋದ್ರ, ಆಪಾ?"

"ಹೋಗ್ಲಿ. ಬ್ಯಾನಿಯಾದಾಕಿ ಬಂದಿರ್ತಾಳ. ಬಾಗಲದಾಗ ನಿಂದ್ರಿಸಿ ಕೇಳಬ್ಯಾಡ. ಒಳಗ ಬರಲಿ, ಕುಂದ್ರಲಿ, ಒಂದ ಗುಟುಕ ನೀರು ಕುಡೀಲಿ. ಚೀಟಿ ಕೈಯಾಗ ಕೊಡೂ ಮುಂದ ಒಮ್ಮಿ ಕೇಳು, ಎಲ್ಲಾ ಕೂಡೇ ಕೇಳು. ಹೇಳಿದ್ರ ಬರಕೋ. ಹೇಳದಿದ್ರ ಆಕೀನ ಗುರ್ತ ಹಿಡಿಯೂಹಂಗ ಏನರ ಒಂದ ಬರಕೋ. ನಾ ಹಿಂಗ ಮಾಡ್ಕೋತ ಬಂದೀನಿ, ಒಬ್ಬರೂ ತಪ್ಪಿಲ್ಲ."

ಅವರು ಹೇಳಿದಂತೆಯೇ ಬರೆದೆ. ಖಾನೆ ಖಾನೆಗೆ ನಿಲ್ಲಿಸಿದ್ದ ಕಾವಲನ್ನೆಲ್ಲ ಕಿತ್ತು, ಕೊನೆಯಲ್ಲಿ ಉಳಿಸುವಾಗ ಒಂದೇ ಸಲ ನೋಡುವಂತೆ ಮಾಡಿದೆ. ಏನಾದರೂ ಉಳಿದಿದ್ದರೆ ಪೆಟ್ಟಿಗೆ ಎದ್ದು ದಾರಿ ಕಟ್ಟುವುದಿಲ್ಲ. ಪರದೆಯ ಅಡಿಯಲ್ಲಿ ಕೆಂಪಕ್ಷರದಲ್ಲಿ ಕನ್ನಡದ ಒಂದು ಸಾಲು ಮೂಡುತ್ತದೆ, ಅಷ್ಟೇ. ಗಂಡನ ಹೆಸರಿನ ಜಾಗದಲ್ಲಿ 'ಗುರುತು' ಎಂಬ ಉದ್ದನೆಯ ಖಾನೆ ಬಂತು. ಮೌಸಿನ ಗೊಡವೆಯೇ ಬೇಡವೆಂದು ಎಂಟರ್ ಕೀ ಒತ್ತಿದರೆ ಮುಂದಿನ ಖಾನೆಗೆ ಹೋಗುವಂತೆ ಮಾಡಿದೆ. ಒತ್ತಿ ಹಿಡಿದ ಕೀಯನ್ನು ಒಂದೇ ಸಲ ಲೆಕ್ಕಕ್ಕೆ ಹಿಡಿಯುವಂತೆ, ನಡುಗಿ ಎರಡನೆಯ ಸಲ ತಾಗಿದ್ದನ್ನು ಬಿಟ್ಟುಬಿಡುವಂತೆ ಬರೆದೆ. ಆಪಾ ಅವರ ಬೆರಳಿಗೆ ಎಂಟರ್ ಕೀ ಸಿಗುತ್ತಿರಲಿಲ್ಲ. ನನ್ನ ಹಣೆಯ ಟಿಕಳಿ ತೆಗೆದು ಅದರ ಮೇಲೆ ಅಂಟಿಸಿದೆ.

"ಈಗ ನಿನ್ನ ಡಬ್ಬಿ ಮುತ್ತೈದಿ ಆತು ನೋಡು," ಎಂದರು ಆಪಾ. ಆ ದಿನಗಳಲ್ಲಿ ನಾವಿಬ್ಬರೂ ನಕ್ಕದ್ದು ಅದೊಂದೇ ಸಲ.

ಉಳಿದ ಆರು ದಿನ ಅವರು ದಿನವೂ ಮಧ್ಯಾಹ್ನ ಬಂದು ಹಳೆಯ ರೋಗಿಗಳನ್ನು ಒಬ್ಬೊಬ್ಬರಾಗಿ ಒಳಗೆ ತುಂಬಿದರು. ಕೈ ಸೋತರೆ ತೊಡೆಯ ಕೆಳಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂರುವರು. ಒಮ್ಮೆ ನಾನು, "ಸಾಕ್ರಿ ಆಪಾ, ನಾಳೆ ಮಾಡೂನು," ಎಂದದ್ದಕ್ಕೆ, "ನಾಳೆ ಅನ್ನೂದು ನಿನ್ನ ಕಡೆ ಭಾಳ ಐತಿ, ನನ್ನ ಕಡೆ ಇಲ್ಲ," ಎಂದರು.

ಪರೀಕ್ಷೆಗೆ ಡಾಕ್ಟರು ಬೇಕೆಂದೇ ಸಂತೆಯ ದಿನ ಆರಿಸಿದ್ದರು. ಕಿಟಕಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ನಾನು ಗೋಡೆಗೆ ಬೆನ್ನು ಹಚ್ಚಿ ನಿಂತು ಒಂದೊಂದೇ ಚೀಟಿ ಎಣಿಸುತ್ತಿದ್ದೆ. ಆಪಾ ಅವರ ಬೆರಳು ಟಿಕಳಿ ಹುಡುಕುತ್ತಿತ್ತು, ಒತ್ತುತ್ತಿತ್ತು, ಮುಂದೆ ಹೋಗುತ್ತಿತ್ತು. ಒಂದೂ ಪೆಟ್ಟಿಗೆ ಏಳಲಿಲ್ಲ.

ಹನ್ನೊಂದರ ಸುಮಾರಿಗೆ ಚಿಕ್ಕನರಗುಂದದ ಬಸವ್ವ ಬಂದಳು. ಹೆಸರು ಹೊಡೆದ ಕೂಡಲೆ ಪರದೆಯಲ್ಲಿ ಅದೇ ಊರಿನ ಇಬ್ಬರು ಬಸವ್ವರು ಕಾಣಿಸಿಕೊಂಡರು. ಒಬ್ಬಳ ಮುಂದೆ, 'ಗುಡಿ ಹಿಂದಿನ ಮನೆ'. ಇನ್ನೊಬ್ಬಳ ಮುಂದೆ, 'ಗಿರಣಿ ಬಾಜೂಕಿನ ಮನೆ, ಹಿಂದೆ ಸೂಜಿ ಒಗ್ಗದೆ ಮೈ ಬಾತಿತ್ತು'.

"ಗಿರಣಿ ಬಾಜೂಕಿನಾಕಿ ಹೌದಿಲ್ಲೋ?" ಎಂದು ಆಪಾ ಕೇಳಿದರು. "ಹೌದ್ರಿ ಆಪಾ, ಹ್ಯಾಂಗ ಗೊತ್ತಾತ್ರಿ?" ಎಂದಳು ಬಸವ್ವ. ಆಪಾ ಚೀಟಿಯ ಮೇಲೆ ಸೂಜಿಯ ಮಾತನ್ನು ದೊಡ್ಡದಾಗಿ ಮೂಡಿಸಿ ಒಳಗೆ ಕಳಿಸಿದರು. ಡಾಕ್ಟರು ಸೂಜಿಗೆ ಔಷಧ ತುಂಬಿಕೊಂಡು ನಿಂತಿದ್ದರಂತೆ. ಚೀಟಿ ನೋಡಿ ಸೂಜಿ ಕೆಳಗಿಟ್ಟರಂತೆ. ಕಂಪೌಂಡರ್ ಕಾಕಾ ಓಡಿ ಬಂದು ಹೇಳಿದರು.

ಮಧ್ಯಾಹ್ನ ಸಾಲು ಕರಗಿದ ಮೇಲೆ ಡಾಕ್ಟರು ಚೀಟಿ ಕೋಣೆಗೆ ಬಂದರು. ಮುಖ ಅರಳಿತ್ತು. ಪರದೆಯನ್ನು ಹಿಂದೆ ಮುಂದೆ ಓಡಿಸಿ ನೋಡಿದರು.

"ಭಾಳ ಚಲೋ ಮಾಡೀಯವಾ. ಇದನ್ನ ಕಲಿಯಾಕ ಎಷ್ಟ ದಿನ ಹಿಡೀತೈತಿ?"

ಎರಡು ವಾರ ಉಂಡ ಅನ್ನ ಮೈಗೆ ಹತ್ತದೆ ಒದ್ದಾಡಿದ್ದೆ. ಮೊದಲ ಸಲ ಒಬ್ಬರು ನನ್ನ ಕೆಲಸವನ್ನು ಹೊಗಳಿದ್ದರು. ಎದೆ ಉಬ್ಬಿತು.

"ಏನಿಲ್ರಿ ಸರ, ಒಂದ ದಿನ ಸಾಕು," ಎಂದೆ. "ಓದಾಕ ಬಂದ್ರ ಆತು, ಯಾರು ಬೇಕಾದ್ರೂ ನಡಸಬಹುದು."

ಆಪಾ ಆಗ ಕಿಟಕಿಯ ಚಿಲಕ ಹಾಕುತ್ತಿದ್ದರು. ಅವರ ಕೈ ಚಿಲಕದ ಮೇಲೆ ಹಾಗೆಯೇ ನಿಂತಿತು. ತಿರುಗಿ ನನ್ನನ್ನು ಒಂದು ಸಲ ನೋಡಿದರು. ನಾನು ಏನು ಹೇಳಿದೆನೆಂದು ನನಗಿಂತ ಮೊದಲು ಅವರಿಗೆ ತಿಳಿದಿತ್ತು.

ಮೂರನೆಯ ದಿನ ಕಂಪೌಂಡರ್ ಕಾಕಾ ನನ್ನ ಕೇಂದ್ರದ ಮೆಟ್ಟಿಲ ಕೆಳಗೆ ನಿಂತು ಕೂಗಿ ಹೇಳಿದರು: ಡಾಕ್ಟರ ತಂಗಿಯ ಮಗಳು, ಕಾಲೇಜು ಮುಗಿಸಿದವಳು, ಒಂದನೆಯ ತಾರೀಖಿನಿಂದ ಚೀಟಿಗೆ ಕೂರುತ್ತಾಳಂತೆ. ಆಪಾ ತಮ್ಮ ಪೆನ್ನು, ಕನ್ನಡಕದ ಡಬ್ಬಿ, ಕುರ್ಚಿಯ ಮೇಲಿನ ಮೆತ್ತೆ ತೆಗೆದುಕೊಂಡು ಹೋದರಂತೆ. ನಾನು ಕಾಲಿಗೆ ಚಪ್ಪಲಿಯೂ ಇಲ್ಲದೆ ಓಡಿದೆ.

"ಸರ, ಕಲತ್ರ ಕುರ್ಚಿ ಅವರದ ಅಂದಿದ್ರಿ. ಕಲತಾರಲ್ರಿ!"

ಡಾಕ್ಟರು ಸಮಾಧಾನದಿಂದಲೇ ಹೇಳಿದರು. "ಯಾರು ಬೇಕಾದ್ರೂ ನಡಸಬಹುದು ಅಂತ ನೀನ ಹೇಳಿದೆಲ್ಲವಾ? ಅವರ ಕೈ ನೋಡೀ? ಇನ್ನ ಎಷ್ಟ ದಿನ ನಡೀತೈತಿ? ನಾಳೆ ನಿಂತ್ರ ಮತ್ತ ನಾ ಹುಡುಕ್ಬೇಕು."

ನಾನು ಬಂದ ದಾರಿಗೇ ಹೊರಬಿದ್ದೆ. ನಾನು ಏನು ಹೇಳಬೇಕಿತ್ತು? ಇದನ್ನು ಮಾಡಿದವರೇ ಆಪಾ, ಎನ್ನಬೇಕಿತ್ತು. ಎಂಟು ದಿನ ನನಗೆ ಕಾಣದ ಗಂಟು ಅವರಿಗೆ ಒಂದೇ ನೋಟಕ್ಕೆ ಕಂಡಿತು, ಗುರುತಿನ ಖಾನೆ ಅವರದು, ಬಸವ್ವನ ಜೀವ ಉಳಿಸಿದ್ದು ನನ್ನ ಡಬ್ಬಿಯಲ್ಲ, ಎನ್ನಬೇಕಿತ್ತು. ಇದೆಲ್ಲ ರಸ್ತೆಗೆ ಬಂದ ಮೇಲೆ ಹೊಳೆಯಿತು. ಹೊಳೆದ ಮೇಲೂ ತಿರುಗಿ ಹೋಗಲಿಲ್ಲ. ಅದೂ ನನ್ನದೇ ತಪ್ಪು.

ಆಪಾ ಮನೆಯ ಹೊರಗಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕುಳಿತಿದ್ದರು. ಮೊರದಲ್ಲಿ ಅಕ್ಕಿ ತಾನಾಗಿಯೇ ಕುಣಿಯುತ್ತಿತ್ತು.

"ಆಪಾ, ನಾ ಆಡಿದ ಮಾತಿಗೆ ಹಿಂಗಾತ್ರಿ."

"ಸುಳ್ಳೇನ್ ಹೇಳಿಲ್ಲಲ್ಲ. ಯಾರು ಬೇಕಾದ್ರೂ ನಡಸೂಹಂಗ ಆಗಿದ್ದು ಖರೇನ." ಒಂದು ಕಲ್ಲು ಆರಿಸಿ ಎಸೆದರು. "ಆದ್ರ ನನ್ನ ಹೊಟ್ಟಿ ಉರದೈತಿ ತಂಗಿ. ಇಲ್ಲ ಅಂದ್ರ ಅಲ್ಲಾಗೂ ಸುಳ್ಳು ಹೇಳಿದಂಗ. ಈಗ ಹೋಗು. ಒಂದಿಷ್ಟ ದಿನ ಈ ಕಡೆ ಬರಬ್ಯಾಡ."

ನಾನು ಹೋದೆ. ಅವರು ಹೇಳಿದ ಒಂದಿಷ್ಟು ದಿನ ಎಷ್ಟು ಎಂದು ತಿಳಿಯದೆ ಕಾಯುತ್ತಿರುವಾಗಲೇ, ಆಪಾ ಮನೆಗೆ ಬೀಗ ಹಾಕಿ ನರಗುಂದದ ತಂಗಿಯ ಮನೆಗೆ ಹೊರಟುಹೋದರೆಂದು ಕೇಳಿದೆ.

ವರ್ಷ ಕಳೆದು ಇನ್ನೂ ಕೆಲವು ತಿಂಗಳಾಗಿತ್ತು. ರೋಣದಲ್ಲಿ ಒಬ್ಬ ಡಾಕ್ಟರಮ್ಮ ಅದೇ ಪ್ರೋಗ್ರಾಂ ಬೇಕೆಂದು ಕರೆಸಿದರು. ಈ ಸಲ ನಾನು ಬಾಯಿ ಬಿಟ್ಟೆ. ಇದನ್ನು ಮಾಡಿದ್ದು ನಾನೊಬ್ಬಳೇ ಅಲ್ಲ, ಹೀಗೆ ಹೀಗೆ ಒಬ್ಬರು ಆಪಾ ಇದ್ದಾರೆ, ಅವರನ್ನು ಕೂಡಿಸಿಕೊಂಡರೆ ಮಾತ್ರ ಇದು ಸರಿಯಾಗಿ ನಡೆಯುತ್ತದೆ, ಎಂದೆ. ಅವರು, "ಕರಕೊಂಡ ಬರ್ರಿ," ಎಂದರು. ಆ ಮಾತು ಬಾಯಿಂದ ಬಿದ್ದದ್ದೇ ತಡ ನರಗುಂದದ ಬಸ್ಸು ಹತ್ತಿದೆ.

ಆಪಾ ಒಳಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಈಗ ಎರಡೂ ಕೈ ನಡುಗುತ್ತಿದ್ದವು. ತಂಗಿ ಚಹದ ಬಸಿಯನ್ನು ಅವರ ಬಾಯಿಗೆ ಹಿಡಿದು ಕುಡಿಸಿದಳು. ನಾನು ರೋಣದ ಸುದ್ದಿ ಹೇಳಿದೆ. ಹೇಳುವಾಗಲೇ ಇದು ಆಗದ ಮಾತೆಂದು ನನಗೆ ಗೊತ್ತಾಗಿತ್ತು. ಅವರು ತಮ್ಮ ಕೈಗಳನ್ನು ಮುಂದೆ ಚಾಚಿ, ಬೇರೆಯವರದೇನೋ ಎಂಬಂತೆ ನೋಡಿದರು.

"ತಡ ಆತು ಬೇಟಿ."

ನಾನು ಅತ್ತೆ. ಅವರು ಅಳಲಿಲ್ಲ, ನನ್ನನ್ನು ಸುಮ್ಮನಿರೆಂದೂ ಅನ್ನಲಿಲ್ಲ. ಅತ್ತು ಮುಗಿಯುವವರೆಗೆ ಕಾದು, ಆಮೇಲೆ ಕೇಳಿದರು:

"ರೋಣದ ಡಬ್ಬಿನೂ ಬಂದವರಿಗೆ ಬಂದಂಗ ನಂಬರ್ ಕೊಡ್ತೈತೇನು?"

"ಹೌದ್ರಿ."

"ಅದು ತಪ್ಪು. ಬಂದವರೊಳಗ ನಿಂದ್ರಲಾರದವರು ಇರ್ತಾರ. ಅವರ ಹೆಸರ ಮ್ಯಾಲಕ್ಕ ಹತ್ತೂಹಂಗ ಒಂದ ಬಟನ್ ಇಡು. ಅಲ್ಲಿ ಕುಂದ್ರಾಕಿ ಯಾರನ್ನೂ ಕೇಳಬಾರದು. ಆಕಿ ಕಣ್ಣಿಗೆ ಕಂಡ್ರ ಒತ್ತಬೇಕು."

ರೋಣಕ್ಕೆ ಬಂದು ಅದನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಹೆಸರು ಮೇಲೆ ಹೋದರೆ ಪಟ್ಟಿಯ ಉಳಿದ ಸಾಲುಗಳು ಪಟಪಟ ಮಿಟುಕುತ್ತಿದ್ದವು, ಒಮ್ಮೊಮ್ಮೆ ಯಾರದೋ ಹೆಸರು ಕಾಣೆಯಾಗುತ್ತಿತ್ತು. ಅದನ್ನೆಲ್ಲ ಸರಿ ಮಾಡಿ ಮುಗಿಸಿದ ದಿನವೇ ನರಗುಂದದಿಂದ ಫೋನು ಬಂತು. ನಾನು ತಲುಪುವ ಹೊತ್ತಿಗೆ ಗಂಡಸರು ಆಪಾ ಅವರಿಗೆ ಮಣ್ಣು ಕೊಟ್ಟು ತಿರುಗಿ ಬರುತ್ತಿದ್ದರು. ಹೆಣ್ಣುಮಕ್ಕಳ ನಡುವೆ, ಅವರ ತಂಗಿಯ ಪಕ್ಕದಲ್ಲಿ, ಕತ್ತಲಾಗುವವರೆಗೆ ಕುಳಿತಿದ್ದು ಕೊನೆಯ ಬಸ್ಸು ಹಿಡಿದೆ.

ಮರುದಿನ ಬೆಳಗ್ಗೆ ರೋಣದ ದವಾಖಾನೆಯಲ್ಲಿ ಪ್ರೋಗ್ರಾಂ ಮೊದಲ ಸಲ ಓಡಿತು. ಚೀಟಿಗೆ ಡಾಕ್ಟರಮ್ಮ ಒಬ್ಬ ಹುಡುಗಿಯನ್ನು ಕೂಡಿಸಿದ್ದರು. ಯಾವಗಲ್ ಊರಿನ ಬಸ್ಸಿನಿಂದ ಇಳಿದು ಬಂದ ತುಂಬು ಬಸುರಿಯೊಬ್ಬಳು ಸಾಲಿನ ತುದಿಗೆ ಬಂದು ನಿಂತಳು. ಗೋಡೆಗೆ ಕೈ ಊರಿಕೊಂಡಳು. ಕಿಟಕಿಯಲ್ಲಿದ್ದ ಹುಡುಗಿ ಕತ್ತು ಚಾಚಿ ಅವಳನ್ನು ನೋಡಿದಳು, ಹೆಸರು ಕೇಳಿ ಬರೆದುಕೊಂಡಳು, ಆಮೇಲೆ ಆ ಬಟನ್ನು ಒತ್ತಿದಳು. ಕೆಳಗಿದ್ದ ಹೆಸರು ಮೇಲಕ್ಕೆ ಹೋಯಿತು. ಒಳಗಿನಿಂದ ಕರೆ ಬಂತು. ಸಾಲಿನವರು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು.